ನಕ್ಷೆಯಲ್ಲಿ ಕಂಡ ನದಿ

ಭಾನುವಾರ, ೯ ಸೆಪ್ಟೆಂಬರ್ ೧೯೯೦. ಕೊಲೋನ್

ಕೊಲೋನಿನ ಕೆಥೆಡ್ರಲ್ ನಿಜವಾಗಿಯೂ ಕಪ್ಪಗಿದೆ!

ವರ್ಷಗಟ್ಟಲೆ ಮಕ್ಕಳಿಗೆ ತೋರಿಸುತ್ತಿದ್ದ ಪಾಠಪುಸ್ತಕದ ಚಿತ್ರದಲ್ಲಿ ಅದು ಮಸಿ ಮೆತ್ತಿದ ಹಾಗೆ ಕರ್ರಗಿತ್ತು. ನಮ್ಮ ಪೂರ್ವ ಜರ್ಮನಿಯ ಕಾಗದ ಕಳಪೆ, ಶಾಯಿ ಕಳಪೆ, ಅದಕ್ಕೇ ಹೀಗೆ ಅಚ್ಚಾಗಿದೆ ಎಂದುಕೊಂಡಿದ್ದೆ. ಮಕ್ಕಳು ಕೇಳಿದಾಗಲೂ ಹಾಗೆಯೇ ಹೇಳಿದ್ದೆ. ಇವತ್ತು ಗೋಡೆಯ ಹತ್ತಿರ ಹೋಗಿ ಕಲ್ಲನ್ನು ಉಜ್ಜಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಕಪ್ಪು ಕಲ್ಲಿನೊಳಕ್ಕೇ ಇಳಿದುಬಿಟ್ಟಿದೆ. ಡ್ರೆಸ್ಡೆನ್ನಿನ ಗೋಡೆಗಳೂ ಕಪ್ಪೇ, ಆದರೆ ಅವು ನಮ್ಮೂರು ಪಿರ್ನಾ ಕಡೆಯ ಮರಳುಗಲ್ಲು. ಇದು ಬೇರೆ ಕಲ್ಲು. ಇದೇಕೆ ಕಪ್ಪಾಯಿತು? ಹೊಗೆಯಿಂದಲೋ, ಮಳೆಯಿಂದಲೋ? ಅಲ್ಲಿದ್ದ ಕಾವಲುಗಾರನನ್ನು ಕೇಳಿದೆ. "ನಾನು ಬಂದಾಗಲೇ ಹೀಗಿತ್ತು" ಎಂದ.

ಒಡಹುಟ್ಟಿದ ಟ್ರೌಡೆಲ್ ಒಳಗೆ ಬರಲಿಲ್ಲ. ಎದುರಿನ ಕೆಫೆಯಲ್ಲಿ ಕುಳಿತು ಪ್ಲಮ್ ಹಣ್ಣಿನ ಕೇಕು ತಿಂದಳು. "ನನ್ನ ಮೊಣಕಾಲು ನೋಡಿದೀಯಲ್ಲ. ನೀನು ನೋಡ್ಕೊಂಡು ಬಂದು ಹೇಳು, ನಾನು ಕಿವೀಲೇ ನೋಡ್ತೀನಿ" ಎಂದಳು. ಇಲ್ಲಿಂದ ಒಂದು ಗಂಟೆಯ ದಾರಿ ಡ್ಯೂಸ್‌ಬುರ್ಗ್. ಮೂವತ್ತೊಂದು ವರ್ಷದಿಂದ ಅಲ್ಲಿದ್ದಾಳೆ. ಒಂದು ಸಲವೂ ಈ ಚರ್ಚಿನ ಒಳಗೆ ಕಾಲಿಟ್ಟಿಲ್ಲವಂತೆ. "ಡ್ರೈಕ್ಲೀನಿಂಗ್ ಅಂಗಡಿ ಬಿಟ್ಟು ಯಾವಾಗ ಬರ್ಲಿ? ಭಾನುವಾರ ಬಂದ್ರೆ ಎಗೋನ್‌ಗೆ ಫುಟ್‌ಬಾಲ್." ಗಂಡ ಎಗೋನ್ ತೀರಿಕೊಂಡು ಎರಡು ವರ್ಷ. ಈಗ ಅಂಗಡಿಯೂ ಇಲ್ಲ.

ಹೋಗಲಾಗದಿದ್ದ ನಾನು ಪಾಠ ಮಾಡಿದೆ, ಹೋಗಬಹುದಾಗಿದ್ದವಳು ಹೋಗಲಿಲ್ಲ. ಯಾರನ್ನು ಬೈಯುವುದು?

ಕೊಲೋನಿನಿಂದ ಬಾಸೆಲ್‌ವರೆಗಿನ ಈ ರೈನ್ ಹಡಗು ಪ್ರವಾಸದ ಟಿಕೆಟ್ ಅವಳೇ ಕಳಿಸಿದ್ದು. ಜುಲೈಯಲ್ಲಿ ಶಾಲೆಯವರು ನನ್ನನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಭೂಗೋಳದ ಪುಸ್ತಕವೇ ಬದಲಾಗುತ್ತದಂತೆ, ಹೊಸದನ್ನು ಹೊಸಬರು ಹೇಳಿಕೊಡುತ್ತಾರಂತೆ. ಶಾಲೆ ಶುರುವಾಗುವ ಸೆಪ್ಟೆಂಬರಿನಲ್ಲಿ ಮನೆಯಲ್ಲಿ ಕೂರುವುದು ನನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಮೇಜು ಒರೆಸುತ್ತಿದ್ದೆ, ಮತ್ತೆ ಒರೆಸುತ್ತಿದ್ದೆ. ಅದಕ್ಕೇ ಒಪ್ಪಿಕೊಂಡೆ. ಟ್ರೌಡೆಲ್‌ಗಾಗಿ ಅಲ್ಲ, ನದಿಗಾಗಿ.

ಬರ್ಲಿನ್ ಗೋಡೆ ಬಿದ್ದು ಹತ್ತು ತಿಂಗಳಾಯಿತು. ಕಾಫಿ ಪುಡಿ ಕಳಿಸಿದಳು, ಚಾಕೊಲೇಟ್ ಕಳಿಸಿದಳು, ಟಿಕೆಟ್ ಕಳಿಸಿದಳು. ತಾನು ಮಾತ್ರ ಬರಲಿಲ್ಲ. ಅಮ್ಮ ಸತ್ತಾಗಲೂ ಹಾಗೆಯೇ, ತಂತಿ ಬಂತು, ಹೂವಿನ ಚಕ್ರ ಬಂತು. ಆಗಲೂ ಅವಳು ಬರಬಹುದಿತ್ತು. ಪಶ್ಚಿಮಕ್ಕೆ ಓಡಿಹೋದವರ ಮೇಲಿನ ಕೇಸುಗಳನ್ನೆಲ್ಲ ಅಷ್ಟರಲ್ಲಿ ಕೈಬಿಟ್ಟಿದ್ದರು.

ಊಟದ ಮೇಜಿನಲ್ಲಿ ನಮ್ಮ ಜೊತೆ ಡಾಕ್ಟರ್ ಹೋಲ್ಟ್‌ಕಾಂಪ್ ಎಂಬವರು. ಹಾನೋವರಿನ ನಿವೃತ್ತ ದಂತವೈದ್ಯ, ಹೆಂಡತಿ ತೀರಿಕೊಂಡ ಮೇಲೆ ವರ್ಷಕ್ಕೊಂದು ನದಿ ಸುತ್ತುತ್ತಾರಂತೆ. ನಾನು ಎಲ್ಲಿಯವಳೆಂದು ತಿಳಿದದ್ದೇ ಹಣ್ಣಿನ ಬುಟ್ಟಿಯನ್ನು ನನ್ನ ಕಡೆಗೆ ತಳ್ಳಿದರು. "ತಗೊಳ್ಳಿ ಮೇಡಂ, ಬಾಳೆಹಣ್ಣು. ನಿಮ್ಮ ಕಡೆ ಇದನ್ನ ಫೋಟೋದಲ್ಲಿ ಮಾತ್ರ ನೋಡ್ತಿದ್ರಂತಲ್ಲ?"

ನಾನು ಬುಟ್ಟಿಯನ್ನು ವಾಪಸ್ ತಳ್ಳಿದೆ. ಟ್ರೌಡೆಲ್ ಅಷ್ಟಕ್ಕೇ ಬಿಡಲಿಲ್ಲ. "ಡಾಕ್ಟ್ರೇ, ಬಾಳೆಹಣ್ಣು ಇಲ್ದೇ ಇದ್ರೂ ಅವಳ ಹಲ್ಲೆಲ್ಲ ಸ್ವಂತದ್ದು. ನಿಮ್ಮವು?"

ಅವರು ಬಾಯಿ ಮುಚ್ಚಿಕೊಂಡು ನಕ್ಕರು.

ಸೋಮವಾರ, ೧೦ ಸೆಪ್ಟೆಂಬರ್. ಕೊಬ್ಲೆಂಟ್ಸ್

ಎರಡು ನದಿ ಸೇರುವ ಮೂಲೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಗೋಡೆಗೆ ನೇತುಹಾಕುವ ನಮ್ಮ ನಕ್ಷೆಯಲ್ಲಿ ಮೋಸೆಲ್ ಒಂದು ನೀಲಿ ಗೆರೆ, ರೈನ್ ಸ್ವಲ್ಪ ದಪ್ಪನೆಯ ನೀಲಿ ಗೆರೆ. ಕೋಲು ಇಟ್ಟು "ಇಲ್ಲಿ ಸೇರುತ್ತವೆ" ಎನ್ನುತ್ತಿದ್ದೆ, ಮುಗಿಯಿತು. ಆದರೆ ಅವು ಹಾಗೆಲ್ಲ ಸೇರುವುದಿಲ್ಲ. ಮೋಸೆಲ್ ನೀರು ಹಸಿರು, ಮಂದ. ರೈನ್ ಬೂದುಬಣ್ಣ, ಅವಸರ. ಒಂದರ ಪಕ್ಕ ಒಂದು, ನಡುವೆ ನೊರೆಯ ಗೆರೆ ಎಳೆದುಕೊಂಡು, ಮುಖ ತಿರುಗಿಸಿಕೊಂಡ ಹಾಗೆ ದೂರದವರೆಗೆ ಹೋಗುತ್ತವೆ. ನಿಜವಾಗಿ ಬೆರೆಯುವುದು ಎಲ್ಲಿ ಎಂದು ನೋಡಲು ದಡದುದ್ದಕ್ಕೂ ನಡೆದೆ. ದಾರಿ ಮುಗಿಯಿತು, ಗೆರೆ ಇನ್ನೂ ಇತ್ತು.

ಮೂಲೆಯಲ್ಲಿ ಬೆಟ್ಟದಂಥ ಕಲ್ಲಿನ ಪೀಠ. ಮೇಲೆ ಕುದುರೆಯೂ ಇಲ್ಲ, ರಾಜನೂ ಇಲ್ಲ, ಒಂದು ಬಾವುಟ ಮಾತ್ರ. ಪ್ರತಿಮೆ ಯುದ್ಧದಲ್ಲಿ ಹೋಯಿತಂತೆ. "ನಿಮ್ಮ ಕಡೆಯೂ ಈಗ ಇಂಥ ಖಾಲಿ ಪೀಠ ಬೇಕಾದಷ್ಟು ಆಗತ್ವೆ ಬಿಡಿ" ಎಂದರು ಡಾಕ್ಟರ್. ಈ ಸಲ ನನಗೂ ನಗು ಬಂತು.

ಟ್ರೌಡೆಲ್ ಬೆಂಚಿನ ಮೇಲೆ ಕಾಯುತ್ತಿದ್ದಳು. ನೀರಿನ ವಿಷಯ ಹೇಳಿದೆ. ಅರ್ಧ ಕೇಳಿ, ನನ್ನ ಕೈ ಹಿಡಿದುಕೊಂಡಳು.

"ಲಿಂಡೆ, ಇಲ್ಲೇ ಇದ್ದುಬಿಡೇ. ಡ್ಯೂಸ್‌ಬುರ್ಗ್ ಮನೇಲಿ ಮೇಲಿನ ಎರಡು ಕೋಣೆ ಖಾಲಿ ಬಿದ್ದಿವೆ. ಕಿಟಕಿಯಿಂದ ದೋಣಿ ಕಾಣ್ತವೆ. ಆ ಊರಲ್ಲಿ ಇನ್ನು ನಿನಗ್ಯಾರಿದಾರೆ?"

"ಅಮ್ಮ ಇದಾಳೆ."

"ಅಮ್ಮ ಹೋಗಿ ಹನ್ನೊಂದು ವರ್ಷ ಆಯ್ತು."

"ಪರವಾಗಿಲ್ಲ, ಲೆಕ್ಕ ನೆನಪಿದೆ ನಿನಗೆ."

ಕೈ ಬಿಟ್ಟಳು. "ಈಗ್ಲೇ ಏನೂ ಹೇಳ್ಬೇಡ. ಬಾಸೆಲ್ ತಲುಪಿದ ಮೇಲೆ ಹೇಳು" ಎಂದಳು.

ನಿಜ ಹೇಳಬೇಕೆಂದರೆ ಆ ಎರಡು ಕೋಣೆಯ ಮಾತು ಕೇಳಿದಾಗ ನನಗೆ ಮೇಜು ಒರೆಸುವುದು ನೆನಪಾಯಿತು. ಬೇಡ ಎಂದು ತಟ್ಟನೆ ಬಾಯಿಗೆ ಬರಲಿಲ್ಲ.

ಮಂಗಳವಾರ, ೧೧ ಸೆಪ್ಟೆಂಬರ್

ಕಣಿವೆಯ ತುಂಬ ಮಂಜು. ಕೋಟೆಗಳು ಕುತ್ತಿಗೆಯವರೆಗೆ ಮಾತ್ರ ಕಂಡವು. ಹಾಡುಗಳಲ್ಲಿ ಬರುವ ಆ ಪ್ರಸಿದ್ಧ ಬಂಡೆ ಬಂತು, ಎಲ್ಲರೂ ಕ್ಯಾಮೆರಾ ಎತ್ತಿದರು. ಒದ್ದೆ ಕಲ್ಲು.

ದಡದ ಒಂದು ಹೋಟೆಲಿನ ಗೋಡೆಯಲ್ಲಿ ನೆರೆ ಬಂದ ವರ್ಷಗಳ ಗುರುತು ಕೊರೆದಿದ್ದರು, ಥೇಟ್ ನಮ್ಮ ಪಿರ್ನಾದಲ್ಲಿರುವ ಹಾಗೆ. ಟ್ರೌಡೆಲ್‌ಗೆ ತೋರಿಸಿದೆ. "ನಮ್ಮನೇಲಿ ನೀರು ಮೂರನೇ ಮೆಟ್ಟಿಲಿಗೆ ಬಂದಿದ್ದು ಯಾವ ವರ್ಷವೇ?" ಎಂದಳು. ನನಗೂ ನೆನಪಾಗಲಿಲ್ಲ. ಆದರೆ "ನಮ್ಮನೇಲಿ" ಎಂದಳು.

ಬುಧವಾರ, ೧೨ ಸೆಪ್ಟೆಂಬರ್. ಮೈಂಟ್ಸ್

ಇವತ್ತು ಮಾಸ್ಕೋದಲ್ಲಿ ನಮ್ಮ ಎರಡು ಜರ್ಮನಿಗಳು ಒಂದಾಗುವ ಬಗ್ಗೆ ದೊಡ್ಡವರೆಲ್ಲ ಸಹಿ ಹಾಕಿದರು. ಹಡಗಿನ ಟಿವಿಯ ಮುಂದೆ ಜನ. ಡಾಕ್ಟರ್ ನನ್ನ ಕೈ ಕುಲುಕಿ "ಅಭಿನಂದನೆ ಮೇಡಂ" ಎಂದರು. ನಾನು ಏನು ಮಾಡಿದೆನೆಂದು ಗೊತ್ತಾಗದೆ "ನಿಮಗೂ" ಎಂದೆ. ಆಮೇಲೆ ಊರು ನೋಡಲು ಹೋದೆ.

ಗುಡ್ಡದ ಮೇಲೆ ಒಂದು ಚರ್ಚಿದೆ. ಹೊರಗಿನಿಂದ ಏನೂ ವಿಶೇಷವಿಲ್ಲ. ಒಳಗೆ ಕಾಲಿಟ್ಟರೆ ನೀಲಿ! ಕಿಟಕಿ ಗಾಜೆಲ್ಲ ನೀಲಿ, ಅದರಿಂದ ನೆಲ, ಬೆಂಚು, ಕುಳಿತವರ ಮುಖ, ನನ್ನ ಕೈ ಎಲ್ಲ ನೀಲಿ. ಮೋಡ ಸರಿದ ಹಾಗೆ ನೀಲಿಯೂ ಗೋಡೆಯ ಮೇಲೆ ಸರಿಯುತ್ತದೆ. ಒಬ್ಬ ಮುದುಕಿ ಪ್ರಾರ್ಥನೆ ಮಾಡುತ್ತ ಆಕಳಿಸಿದಳು. ಅವಳ ಹಲ್ಲೂ ನೀಲಿ. ಇದನ್ನು ಟ್ರೌಡೆಲ್‌ಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ಇಳಿದು ಬಂದೆ. ಬರೀ ನೀಲಿ ಎಂದರೆ ಯಾರಿಗೆ ಏನು ತಿಳಿಯುತ್ತದೆ?

ಅವಳು ಮಾರುಕಟ್ಟೆ ಚೌಕದಲ್ಲಿ ಸಾಸೇಜ್ ತಿನ್ನುತ್ತಿದ್ದಳು. "ಎಂಥ ನೀಲಿ? ಆಕಾಶದ್ದಾ?"

"ಅಲ್ಲ, ಅದಕ್ಕಿಂತ ಗಾಢ."

"ಮತ್ತೆ? ನಿನ್ನ ಮನೆ ಬಾಗಿಲಿನ ಥರಾನಾ?"

"ಅದಕ್ಕಿಂತಲೂ" ಎಂದೆ. ಸಾಸೇಜಿನ ಚೂರು ಬಾಯಿಗಿಟ್ಟುಕೊಂಡೆ. ಹಡಗಿಗೆ ಬಂದು ಕೋಟು ಕಳಚುವಾಗ ಹೊಳೆಯಿತು. ನಮ್ಮ ಬಾಗಿಲು ಅವಳಿದ್ದ ಕಾಲಕ್ಕೆ ಕಂದು. ಅಮ್ಮ ಇರುವವರೆಗೂ ಕಂದೇ. ನೀಲಿ ಬಳಿದದ್ದು ನಾನು, ಈ ಮಾರ್ಚಿನಲ್ಲಿ.

ಪತ್ರದಲ್ಲಿ ಬರೆದಿದ್ದೆನೇ? ಇಲ್ಲ. ಫೋಟೋ ಕಳಿಸಿದ್ದೆನೇ? ನನ್ನ ಹತ್ತಿರ ಕ್ಯಾಮೆರಾವೇ ಇಲ್ಲ.

ಪಕ್ಕದ ಹಾಸಿಗೆಯಲ್ಲಿ ಅವಳು ಪದಬಂಧ ಬಿಡಿಸುತ್ತಿದ್ದಾಳೆ. ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದೇನೆ. ಊರುಗಳ ಬಗ್ಗೆ ಇಷ್ಟೆಲ್ಲ ಕೇಳುವ ನಾನು ಇವಳನ್ನು ಏನೂ ಕೇಳಿಲ್ಲವಲ್ಲ.

ಶುಕ್ರವಾರ, ೧೪ ಸೆಪ್ಟೆಂಬರ್. ವೋರ್ಮ್ಸ್

ನಿನ್ನೆ ಬರೆಯಲಿಲ್ಲ. ಕೇಳಬೇಕು, ಹೇಗೆ ಕೇಳುವುದು ಎನ್ನುವುದರಲ್ಲೇ ದಿನ ಹೋಯಿತು.

ವೋರ್ಮ್ಸ್‌ನಲ್ಲಿ ಯಹೂದಿಗಳ ತುಂಬ ಹಳೆಯ ಸ್ಮಶಾನವಿದೆ. ಬಸ್ಸು ಅದರ ಗೇಟಿಗೇ ಬಿಟ್ಟಿತು, ಮೆಟ್ಟಿಲಿಲ್ಲ. ಅದಕ್ಕೆ ಟ್ರೌಡೆಲ್ ಕೂಡ ಬಂದಳು. ಉದ್ದ ಹುಲ್ಲು. ಅದರ ನಡುವೆ ಕಲ್ಲುಗಳು ಒಂದು ಆ ಕಡೆ, ಒಂದು ಈ ಕಡೆ ವಾಲಿಕೊಂಡು, ಸಂತೆಯಲ್ಲಿ ಮಾತಾಡುತ್ತ ನಿಂತ ಜನರ ಹಾಗೆ. ಅಕ್ಷರ ಸವೆದುಹೋಗಿದೆ. ಸಾವಿರದ ಹತ್ತಿರ ವರ್ಷ ಇಲ್ಲಿ ಹೂತರು, ಮತ್ತೆ ಹೂಳಲು ಜನರನ್ನೇ ಉಳಿಸಲಿಲ್ಲ. ಉಳಿಸದೆ ಇದ್ದವರು ನಮ್ಮವರೇ, ಎರಡೂ ಕಡೆಯ ನಮ್ಮವರು. ಇದನ್ನು ನಾನು ಭೂಗೋಳದಲ್ಲಿ ಹೇಳಿಕೊಡಲಿಲ್ಲ. ಊರಿನ ಹೆಸರು, ದ್ರಾಕ್ಷಿ, ಚರ್ಮದ ಕಾರ್ಖಾನೆ ಇಷ್ಟು ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದೆ.

ಕೆಲವು ಕಲ್ಲುಗಳ ತಲೆಯ ಮೇಲೆ ಸಣ್ಣ ಸಣ್ಣ ಹರಳುಗಳನ್ನಿಟ್ಟಿದ್ದರು.

"ಇದ್ಯಾಕೆ?" ಎಂದಳು ಟ್ರೌಡೆಲ್.

"ಬಂದು ನೋಡಿಕೊಂಡು ಹೋದೆವು ಅಂತ ಗುರುತು."

ಅವಳು ಬಗ್ಗಲಾಗದೆ ಬಗ್ಗಿ ದಾರಿಯಿಂದ ಒಂದು ಹರಳು ಎತ್ತಿಕೊಂಡಳು. ಯಾರ ಕಲ್ಲಿನ ಮೇಲಿಡಬೇಕೆಂದು ತಿಳಿಯದೆ ಅಂಗೈಯಲ್ಲೇ ಇಟ್ಟುಕೊಂಡು ನಿಂತಳು. ಆಗ ಕೇಳಿದೆ. "ನನ್ನ ಬಾಗಿಲು ನೀಲಿ ಅಂತ ನಿನಗೆ ಯಾರು ಹೇಳಿದ್ರು?"

ಅವಳು ನನ್ನನ್ನು ನೋಡಲಿಲ್ಲ.

"ಬಂದಿದ್ದೆ ಕಣೇ. ಏಪ್ರಿಲಲ್ಲಿ, ಈಸ್ಟರ್ ಆದ ಮೇಲೆ. ಸ್ಟೇಷನ್ನಿಂದ ನಡ್ಕೊಂಡೇ ಬಂದೆ, ಯಾರನ್ನೂ ದಾರಿ ಕೇಳ್ಲಿಲ್ಲ. ಎದುರುಗಡೆ ಬೇಕರಿ ಹತ್ರ ನಿಂತ್ಕೊಂಡೆ. ನೀನು ಮೇಲಿನ ಕಿಟಕಿ ತೆಗೆದು ಹಾಸಿಗೆ ಕೊಡವ್ತಿದ್ದೆ. ತಲೆಗೆ ಬಟ್ಟೆ ಕಟ್ಕೊಂಡು, ಎಡಗೈಯಲ್ಲಿ ಪಟಪಟ ಅಂತ. ನನಗೆ ಅಮ್ಮನೇ ಅನ್ನಿಸ್ಬಿಟ್ಟಿತು ಲಿಂಡೆ. ಬಾಗಿಲು ತಟ್ಟಿ ಏನಂತ ಹೇಳ್ಲಿ? ಬ್ಲೌಸ್ ತರಕ್ಕೆ ಹೋಗಿದ್ದೆ, ಸಿಗ್ಲಿಲ್ಲ ಅಂತಾನಾ?"

೧೯೫೯ರಲ್ಲಿ ಅವಳು ಬರ್ಲಿನ್‌ಗೆ ಹೋಗಿ ಬ್ಲೌಸ್ ತರುತ್ತೇನೆಂದು ಹೇಳಿ ಮನೆ ಬಿಟ್ಟಿದ್ದಳು. ಅಮ್ಮ ಅವತ್ತು ಸಂಜೆ ಮೂವರಿಗೂ ಅಡುಗೆ ಮಾಡಿದ್ದಳು.

"ಆಮೇಲೆ?" ಎಂದೆ.

"ಆಮೇಲೇನು? ಮುಂದಿನ ರೈಲು ಹಿಡಿದು ವಾಪಸ್ ಹೋದೆ."

ನಾನು ಬಸ್ಸಿನ ಕಡೆ ನಡೆದೆ.

ಅದೇ ದಿನ, ಸಂಜೆ

ಬಂದಿದ್ದಳು. ಬಾಗಿಲಿನ ಬಣ್ಣ ಕಾಣುವಷ್ಟು ಹತ್ತಿರ ಬಂದಿದ್ದಳು. ಆ ವಾರವೆಲ್ಲ ನಾನು ಮನೆಯಲ್ಲಿ ಒಬ್ಬಳೇ ಇದ್ದೆ.

ಊಟಕ್ಕೆ ಹೋಗಲಿಲ್ಲ.

ಶನಿವಾರ, ೧೫ ಸೆಪ್ಟೆಂಬರ್. ಶ್ಪೈಯರ್

ಬೆಳಿಗ್ಗೆ ಅವಳು ಏಳುವ ಮೊದಲೇ ಹಡಗಿನಿಂದಿಳಿದು ಊರೊಳಗೆ ಹೋದೆ. ಇವತ್ತು ನಾನು ನೋಡುವುದು ನನಗಾಗಿ ಮಾತ್ರ, ಯಾರಿಗೂ ವರದಿ ಒಪ್ಪಿಸುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ.

ಕೆಥೆಡ್ರಲಿನ ಕಲ್ಲು ಒಂದು ಸಾಲು ಕೆಂಪು, ಒಂದು ಸಾಲು ಹಳದಿ, ಪದರ ಪದರದ ಕೇಕಿನ ಹಾಗೆ. ಕೇಕಿನ ಹಾಗೆ ಎಂದರೆ ಅವಳಿಗೆ ತಿಳಿಯುತ್ತದೆ ಎಂದುಕೊಂಡೆ. ತಕ್ಷಣ ನನ್ನ ಮೇಲೇ ಸಿಟ್ಟು ಬಂತು. ಒಳಗೆ ಹೋದೆ. ಕಂಬಗಳ ನಡುವೆ ನಿಂತು ಕೆಮ್ಮಿದರೆ ಕೆಮ್ಮು ಮೇಲೆ ಹೋಗಿ, ಸುತ್ತಿ, ಬೇರೆ ಯಾರೋ ಕೆಮ್ಮಿದ ಹಾಗೆ ಹಿಂದಿನಿಂದ ಬಂತು. ಅದನ್ನೂ ಹೇಳಬೇಕೆನಿಸಿತು. ಹೀಗೇ ಒಂದು ಗಂಟೆ ಕಳೆಯಿತು. ಕೋಪ ಮಾಡಿಕೊಂಡು ಒಂದು ಊರು ನೋಡುವುದು ಬಹಳ ಕಷ್ಟ.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಡಾಕ್ಟರ್ ಹೋಲ್ಟ್‌ಕಾಂಪ್ ಏದುಸಿರು ಬಿಡುತ್ತ ನಿಂತಿದ್ದರು. "ನಿಮ್ಮನ್ನೇ ಹುಡುಕ್ತಿದೀನಿ ಮೇಡಂ. ನಿಮ್ಮಕ್ಕ ಕೆಳಗಡೆ ಸಿಕ್ಕಿಹಾಕ್ಕೊಂಡಿದಾರೆ."

ನೆಲಮಾಳಿಗೆಯಲ್ಲಿ ಹಳೆಯ ಚಕ್ರವರ್ತಿಗಳ ಗೋರಿಗಳಿವೆ. ಟ್ರೌಡೆಲ್ ಅಲ್ಲಿಗೆ ಇಳಿದಿದ್ದಾಳೆ, ಮತ್ತೆ ಹತ್ತಲು ಮೊಣಕಾಲು ಒಪ್ಪಿಲ್ಲ. ನಾನು ಓಡಿದೆ. ಕೆಳಗಿನ ಮೆಟ್ಟಿಲ ಮೇಲೆ ಕೈಚೀಲ ತೊಡೆಯಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕುಳಿತಿದ್ದಳು.

"ಬೆಂಚಿನ ಮೇಲೆ ಕೂತ್ಕೊಳ್ಳೋಕೆ ಏನಾಗಿತ್ತು ನಿನಗೆ?" ಎಂದು ಕೂಗಿದೆ. ಕಮಾನುಗಳೆಲ್ಲ ನನ್ನ ಜೊತೆ ಕೂಗಿದವು.

"ಇವತ್ತು ನೀನು ಬಂದು ಹೇಳಲ್ಲ ಅಂತ ಗೊತ್ತಿತ್ತು. ಅದಕ್ಕೆ ನಾನೇ ನೋಡೋಣ ಅಂತ ಬಂದೆ" ಎಂದಳು. "ಚೆನ್ನಾಗಿದೆ ಕಣೇ. ತಣ್ಣಗಿದೆ."

ಪಕ್ಕದಲ್ಲಿ ಕುಳಿತೆ. ಎದುರಿಗೆ ಚಕ್ರವರ್ತಿಗಳು.

"ಬೈದುಬಿಡೇ" ಎಂದಳು. "ಇಷ್ಟು ದಿನ ನೀನು ಬೈತೀಯ ಅಂತ ಕಾದೆ. ನೀನು ನೋಡಿದ್ರೆ ಕಿಟಕಿ ನೀಲಿ, ನೀರು ಹಸಿರು ಅಂತೀಯ."

"ಹನ್ನೊಂದು ವರ್ಷದ ಹಿಂದೆ, ಅಮ್ಮ ಹೋದಾಗ ಬೈಯೋದಿತ್ತು. ಈಗ ಮರೆತುಹೋಗಿದೆ." ಮರೆತಿರಲಿಲ್ಲ. ಆದರೆ ಹುಡುಕಿದರೆ ಬೈಗುಳ ಕೈಗೆ ಸಿಗಲಿಲ್ಲ. "ಅಕ್ಕ, ನಾನು ಡ್ಯೂಸ್‌ಬುರ್ಗ್‌ಗೆ ಬರಲ್ಲ."

"ಗೊತ್ತಿತ್ತು."

"ನೀನು ಬಾ. ನಾಳೆ. ಬಾಸೆಲ್‌ವರೆಗೆ ಕಾಯೋದು ಬೇಡ, ಹಡಗು ಬಿಟ್ಟುಬಿಡೋಣ. ಅಮ್ಮನ ಹತ್ರ ಹೋಗೋಣ, ಆಮೇಲೆ ಮನೆಗೆ."

"ಮುಂದಿನ ಊರು ಸ್ಟ್ರಾಸ್‌ಬುರ್ಗ್ ಉಳಿದುಹೋಗತ್ತಲ್ಲೇ! ನಿನಗೆ ಅಷ್ಟು ಆಸೆ ಇತ್ತು."

"ಅದು ರೋಮನ್ನರ ಕಾಲದಿಂದ ಅಲ್ಲೇ ಇದೆ. ಎಲ್ಲಿಗೂ ಓಡಿಹೋಗಲ್ಲ."

ಅವಳು ನಗಲು ಹೋಗಿ ಅತ್ತಳು. ಕರವಸ್ತ್ರ ಕೊಟ್ಟೆ. ಆಮೇಲೆ ನಾನು ಹಿಂದಿನಿಂದ ತಳ್ಳಿದೆ, ಡಾಕ್ಟರ್ ಮೇಲಿನಿಂದ ಎರಡೂ ಕೈ ಹಿಡಿದರು. "ಚಿಂತೆ ಬಿಡಿ ಮೇಡಂ, ನಲವತ್ತು ವರ್ಷ ಕೀಳೋದೇ ನನ್ನ ಕಸುಬು" ಎಂದರು. ಪ್ರತಿ ಮೆಟ್ಟಿಲಿಗೂ ಅಕ್ಕ "ಅಯ್ಯೋ ದೇವ್ರೇ" ಎಂದಳು, ಗುಮ್ಮಟವೂ ಎಂದಿತು. ಬಿಸಿಲಿಗೆ ಬಂದ ಮೇಲೆ ಹಿಂತಿರುಗಿ ಗೋಡೆ ನೋಡಿ ಅವಳಾಗಿಯೇ ಹೇಳಿದಳು: "ಲೇ, ಪದರದ ಕೇಕಿನ ಥರ ಇಲ್ವೇನೇ?"

ಭಾನುವಾರ, ೧೬ ಸೆಪ್ಟೆಂಬರ್. ರೈಲಿನಲ್ಲಿ

ಅಕ್ಷರ ಕುಣಿಯುತ್ತಿದೆ, ಆದರೂ ಬರೆಯುತ್ತೇನೆ.

ಡಾಕ್ಟರ್ ಹೋಲ್ಟ್‌ಕಾಂಪ್ ಹಡಗಿನ ಕಟಕಟೆಯಿಂದ ಟೋಪಿ ಬೀಸಿದರು. ಮುಂದಿನ ವರ್ಷ ನಮ್ಮೂರಿನ ನದಿ ಎಲ್ಬೆ ನೋಡಲು ಬರುತ್ತಾರಂತೆ. "ಬನ್ನಿ, ಬಾಳೆಹಣ್ಣು ಇಟ್ಟಿರ್ತೀವಿ" ಎಂದೆ.

ಮೊದಲೆಲ್ಲ ಚೆನ್ನಾಗಿತ್ತು. ಫ್ರಾಂಕ್‌ಫರ್ಟ್ ದಾಟುವವರೆಗೆ ಅಕ್ಕ ಪದಬಂಧ ಬಿಡಿಸಿದಳು. ಆಮೇಲೆ ಪೆನ್ಸಿಲ್ ಮಡಚಿದ ಪತ್ರಿಕೆಯ ಮೇಲೆ ನಿಂತೇ ಇತ್ತು. ಬೇಬ್ರಾದಲ್ಲಿ ಇಂಜಿನ್ ಬದಲಿಸಲು ರೈಲು ಬಹಳ ಹೊತ್ತು ನಿಲ್ಲುತ್ತದೆ. ಗಡಿಗೆ ಮುಂಚೆ ಪಶ್ಚಿಮದ ಕಡೆಯ ಕೊನೆಯ ದೊಡ್ಡ ಸ್ಟೇಷನ್ ಅದು. ನಾನು ಕಿಟಕಿಯಿಂದ ಇಂಜಿನ್ ಬಿಚ್ಚುವುದನ್ನು ನೋಡುತ್ತಿದ್ದೆ. ತಿರುಗಿದರೆ ಅಕ್ಕ ಕೋಟು ಹಾಕಿಕೊಂಡು, ಕೈಚೀಲ ಹಿಡಿದುಕೊಂಡು ನಿಂತಿದ್ದಾಳೆ.

"ಲಿಂಡೆ, ನನ್ನ ಕೈಲಾಗಲ್ಲ ಕಣೇ. ಇಲ್ಲಿಂದ ವಾಪಸ್ ರೈಲಿದೆ. ಕ್ರಿಸ್ಮಸ್‌ಗೆ ಬರ್ತೀನಿ. ಖಂಡಿತ ಬರ್ತೀನಿ."

ಕೈ ಹಿಡಿದು ಎಳೆದರೆ ಕೊಸರಿಕೊಂಡು ಹೋಗುತ್ತಾಳೆ. ಅಮ್ಮನ ಹೆಸರು ಹೇಳಿ ಅಳಿಸಿದರೂ ಹೋಗುತ್ತಾಳೆ. ಇಷ್ಟು ವರ್ಷ ಹಾಗೇ ತಾನೇ ಹೋದದ್ದು. ಬಾಯಿಗೆ ಏನು ಬಂತೋ ಅದನ್ನೇ ಹೇಳಿದೆ.

"ಸರಿ ಹೋಗು. ನಾಳೆ ಕ್ವಾರ್ಕ್ ವಡೆ ಮಾಡೋಣ ಅಂತಿದ್ದೆ. ಅಮ್ಮ ಮಾಡ್ತಿದ್ಲಲ್ಲ, ಆಲೂಗಡ್ಡೆ ಬೇಯಿಸಿ, ನೀರು ಹಿಂಡಿದ ಕ್ವಾರ್ಕ್ ಮೊಸರು ಕಲಸಿ, ಒಣದ್ರಾಕ್ಷಿ ಹಾಕಿ."

ಬಾಗಿಲ ಹಿಡಿಯ ಮೇಲಿದ್ದ ಕೈ ನಿಂತಿತು. "ದ್ರಾಕ್ಷಿನಾ?"

"ಹೂಂ, ದ್ರಾಕ್ಷಿ."

"ಅಮ್ಮನಾ? ದ್ರಾಕ್ಷಿನಾ? ತಲೆ ಕೆಟ್ಟಿದೆಯಾ ನಿನಗೆ? ಪಕ್ಕದ್ಮನೆಯವಳು ಹಾಕ್ತಿದ್ಲು. ಅಮ್ಮ ಅವಳನ್ನ ಆಡ್ಕೊಳ್ತಿದ್ಲು!"

"ನೀನು ಹೋದ ಮೇಲೆ ಹಾಕೋಕೆ ಶುರು ಮಾಡಿದ್ಲು."

"ಸುಳ್ಳು! ಅಮ್ಮನಿಗೆ ದ್ರಾಕ್ಷಿ ಕಂಡ್ರೇ ಆಗ್ತಿರ್ಲಿಲ್ಲ. ನಿಂಬೆ ಸಿಪ್ಪೆ ತುರಿದು ಹಾಕ್ತಿದ್ಲು. ನಿಂಬೆ ಇಲ್ದಿದ್ರೆ ಹಾಗೇ ಮಾಡ್ತಿದ್ಲು." ಜಗಳ ಗಟ್ಟಿಯಾಗಿ ಆಡಲು ಅವಳು ಕುಳಿತುಕೊಳ್ಳಬೇಕಾಯಿತು. ಕೈಚೀಲ ಪಕ್ಕಕ್ಕಿಟ್ಟಳು. ಎದುರು ಸೀಟಿನ ಗಂಡಸು ಪತ್ರಿಕೆ ಕೆಳಗಿಳಿಸಿ, ತನ್ನ ಅಜ್ಜಿಯೂ ದ್ರಾಕ್ಷಿ ಹಾಕುತ್ತಿದ್ದಳೆಂದ. "ನಿಮ್ಮಜ್ಜಿಗೆ ಮಾಡೋಕೆ ಬರ್ತಿರ್ಲಿಲ್ಲ ಅಂತ ಅರ್ಥ!" ಎಂದಳು ಅಕ್ಕ. ಯಾವಾಗಲೋ ರೈಲು ಹೊರಟಿತ್ತು.

ಟಿಕೆಟ್ ನೋಡುವವನು ಬಂದಾಗ, ಗಡಿ ಯಾವಾಗ ಬರುತ್ತದೆ ಎಂದು ಕೇಳಿದೆ. "ಅದಾಗ್ಲೇ ಹೋಯ್ತಲ್ಲಮ್ಮ. ಈಗ ಬರೋದು ಐಸೆನಾಖ್" ಎಂದ. ಬೇಲಿ, ಕಾವಲುಗೋಪುರ ಎಲ್ಲ ಇನ್ನೂ ನಿಂತಿವೆಯಂತೆ. ಹೊರಗೆ ಬೀಟ್‌ರೂಟ್ ಹೊಲ, ಒಂದು ಟ್ರ್ಯಾಕ್ಟರ್, ನಾಯಿ ಕರೆದುಕೊಂಡು ಹೊರಟ ಹೆಂಗಸು. ಭೂಗೋಳ ಕಲಿಸಿದವಳು ನಾನು, ನೋಡಲೇ ಇಲ್ಲ.

ಅಕ್ಕ ಕೋಟು ಕಳಚಿದ್ದಾಳೆ. ನಿದ್ದೆ ಬಂದ ಹಾಗಿದೆ. ಆದರೂ ಆಗಾಗ ಕಣ್ಣು ಬಿಟ್ಟು "ದ್ರಾಕ್ಷಿಯಂತೆ!" ಎನ್ನುತ್ತಾಳೆ. ನಾಳೆ ಬೆಳಿಗ್ಗೆ ಎದ್ದಕೂಡಲೇ ಅಂಗಡಿಗೆ ಹೋಗಿ ನಿಂಬೆಹಣ್ಣು ತರಬೇಕಂತೆ, ತಾನೇ ಮಾಡಿ ತೋರಿಸುತ್ತಾಳಂತೆ.

ಅಮ್ಮ ಯಾವತ್ತೂ ದ್ರಾಕ್ಷಿ ಹಾಕಲಿಲ್ಲ. ಅಕ್ಕ ಹೇಳುವುದೇ ಸರಿ. ಆದರೆ ಪಿರ್ನಾ ತಲುಪುವವರೆಗೆ ನಾನು ಒಪ್ಪಿಕೊಳ್ಳುವುದಿಲ್ಲ.